ನಿಂಬೆಯ ಶೀತಲ ಸೂಫ್ಲೆ

ಸೂಫ್ಲೆ ಎಂಬ ಫ್ರೆಂಚ್ ಭಕ್ಷ್ಯಕ್ಕೆ ಒಂದು ಅಪಕೀರ್ತಿಯುಂಟು: ಕಾವಿನ ಪೆಟ್ಟಿಗೆಯೊಳಗೆ ಉಬ್ಬಿ, ಪಾತ್ರೆಯ ಅಂಚನ್ನು ಮೀರಿ ಮೇಲೆದ್ದು, ಅತಿಥಿಗಳ ಮುಂದೆ ತಂದಿರಿಸಿದ ಕೆಲವೇ ನಿಮಿಷಗಳಲ್ಲಿ ಕುಸಿದು ಹೋಗುವುದು ಅದರ ಜಾಯಮಾನ. ಉಬ್ಬಿಗೆ ಕಾರಣವಾದ ಬಿಸಿಗಾಳಿಯೂ ನೀರಾವಿಯೂ ತಣ್ಣಗಾದೊಡನೆ ಸಂಕೋಚಗೊಳ್ಳುವುವಾದ್ದರಿಂದ, ಎಂತಹ ನಿಪುಣನಾದ ಪಾಚಕನೂ ಈ ಪತನವನ್ನು ಮುಂದೂಡಬಲ್ಲನೇ ಹೊರತು ತಪ್ಪಿಸಲಾರನು. ಈ ದೌರ್ಬಲ್ಯವನ್ನು ಚೆನ್ನಾಗಿ ಬಲ್ಲ ಫ್ರಾನ್ಸಿನ ಪಾಕಶಾಲೆಗಳು ಅದಕ್ಕೊಂದು ಚಮತ್ಕಾರದ ಪರಿಹಾರವನ್ನು ಕಂಡುಕೊಂಡುವು. ಪಿಂಗಾಣಿಯ ಪಾತ್ರೆಯ ಸುತ್ತ ಎರಡು ಮೂರು ಅಂಗುಲ ಎತ್ತರಕ್ಕೆ ಕಾಗದದ ಪಟ್ಟಿಯೊಂದನ್ನು ಬಿಗಿದು, ನಿಂಬೆಯ ರಸ, ಮೊಟ್ಟೆಯ ಬಿಳಿಲೋಳೆಯ ನೊರೆ ಮತ್ತು ಕಡೆದ ಕೆನೆಗಳ ಮಿಶ್ರಣವನ್ನು ಅಂಚಿನಿಂದ ಮೇಲಕ್ಕೂ ತುಂಬಿ, ಹಿಮದ ನಡುವೆ ಹುಗಿದಿರಿಸಿ, ಗಟ್ಟಿಯಾದ ಮೇಲೆ ಕಾಗದವನ್ನು ಸುಲಿದು ತೆಗೆದರೆ, ಕಾವಿನಿಂದ ಉಬ್ಬಿದ ಸೂಫ್ಲೆಯ ಆಕೃತಿಯೇ ಕಣ್ಣಿಗೆ ಬೀಳುವುದು. ಆದರೆ ಇದು ಕುಸಿಯದು. 'ಸೂಫ್ಲೆ ಗ್ಲಾಸೆ' ಎಂದು ಹೆಸರು ಪಡೆದ ಈ ಭಕ್ಷ್ಯವರ್ಗವು ಓಗುಸ್ತ್ ಎಸ್ಕೋಫಿಯೆಯು ೧೯೦೩ರಲ್ಲಿ ಪ್ರಕಟಿಸಿದ 'ಲ ಗೀದ್ ಕ್ಯುಲಿನೇರ್' ಎಂಬ ಪಾಕಗ್ರಂಥದಲ್ಲಿ ಶಾಸ್ತ್ರೋಕ್ತವಾದ ಸ್ಥಾನವನ್ನು ಪಡೆದಿದೆ.

ಕಾಗದದ ಪಟ್ಟಿಯ ಈ ಸಣ್ಣ ವಂಚನೆಯು ಯಾರಿಗಾದರೂ ಸುಲಭವಾಗಿ ತಿಳಿಯತಕ್ಕದ್ದು. ಇದಕ್ಕಿಂತ ಗೂಢವಾದ ಇನ್ನೊಂದು ವಂಚನೆ ಆ ಭಕ್ಷ್ಯದ ಒಡಲಿನಲ್ಲಿಯೇ ಅಡಗಿದೆ. ನೋಟಕ್ಕೆ ಘನಪದಾರ್ಥವಾಗಿ ತೋರುವ, ಚಾಕುವಿನಿಂದ ಕೊಯ್ದರೆ ನೇರವಾದ ಅಂಚನ್ನು ಉಳಿಸಿಕೊಳ್ಳುವ ಈ ವಸ್ತುವಿನ ಗಾತ್ರದಲ್ಲಿ ಅರ್ಧದ ಸಮೀಪ ಬರಿಯ ಗಾಳಿ. ಅದರಲ್ಲಿರುವ ನೀರಿನ ಸುಮಾರು ಕಾಲುಭಾಗ, ಶೈತ್ಯಪೆಟ್ಟಿಗೆಯ ಸೊನ್ನೆಗಿಂತ ೧೮ ಡಿಗ್ರಿ ಕೆಳಗಿನ ಚಳಿಯಲ್ಲಿಯೂ ದ್ರವವಾಗಿಯೇ ಉಳಿದಿರುತ್ತದೆ. ಈ ಭಕ್ಷ್ಯವನ್ನು ಮಾಡುವ ವಿದ್ಯೆಯೆಂದರೆ ನೀರನ್ನು ಹೆಪ್ಪುಗಟ್ಟಿಸುವ ವಿದ್ಯೆಯೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಸೂಕ್ಷ್ಮವಾಗಿ ವಿಚಾರಿಸಿದರೆ ಅದು ನೀರು ಪೂರ್ಣವಾಗಿ ಹೆಪ್ಪುಗಟ್ಟದಂತೆ ತಡೆಯುವ ವಿದ್ಯೆಯೆಂಬುದು ವಿದಿತವಾಗುತ್ತದೆ. ಆ ತಡೆಯನ್ನು ಒಡ್ಡುವವರು ಮೂವರು: ಸಕ್ಕರೆ, ಗಾಳಿ ಮತ್ತು ಕೊಬ್ಬು. ಪಾಕವಿಧಿಯ ಒಂದೊಂದು ನಿಯಮವೂ ಈ ಮೂವರಲ್ಲಿ ಯಾರಾದರೊಬ್ಬರ ಸೇವೆಗಾಗಿಯೇ ಏರ್ಪಟ್ಟಿದೆಯೆಂಬುದನ್ನು ಈ ಅಧ್ಯಾಯದಲ್ಲಿ ಕ್ರಮವಾಗಿ ನೋಡೋಣ.

ಆರೇಳು ಮಂದಿಗೆ ಸಾಕಾಗುವಷ್ಟು, ಒಂದು ಲೀಟರು ಹಿಡಿಯುವ ನೇರಗೋಡೆಯ ಪಾತ್ರೆಯ ಪ್ರಮಾಣಕ್ಕೆ ಬೇಕಾದ ಸಾಮಗ್ರಿಗಳು ಇವು: ೧೫೦ ಮಿಲಿಲೀಟರ್ ನಿಂಬೆರಸ, ಮೂರು ಹಣ್ಣುಗಳ ಸಿಪ್ಪೆಯ ತುರಿ, ನಾಲ್ಕು ಮೊಟ್ಟೆಗಳ ಬಿಳಿಲೋಳೆ ಎಂದರೆ ಸುಮಾರು ೧೨೦ ಗ್ರಾಂ, ೨೪೦ ಗ್ರಾಂ ಸಕ್ಕರೆ, ಪಾಕಕ್ಕೆ ೮೦ ಮಿಲಿಲೀಟರ್ ನೀರು, ನೂರಕ್ಕೆ ೩೫ರಷ್ಟು ಕೊಬ್ಬುಳ್ಳ ಕೆನೆ ೩೦೦ ಮಿಲಿಲೀಟರ್. ಹಳದಿ ಭಂಡಾರಕ್ಕಾಗಲಿ ಹಿಟ್ಟಿಗಾಗಲಿ ಇಲ್ಲಿ ಅವಕಾಶವಿಲ್ಲ.

ಮೊದಲು ಹಣ್ಣಿನ ವಿಚಾರ. ಐರೋಪ್ಯ ಗ್ರಂಥಗಳು ಹೇಳುವ 'ಲೆಮನ್' ನಮ್ಮ ಸಂತೆಯ ನಿಂಬೆಯಲ್ಲ. ನಮ್ಮದು ತೆಳುಸಿಪ್ಪೆಯ, ದುಂಡಗಿನ, ಹೆಚ್ಚು ಹುಳಿಯಾದ, 'ಲೈಮ್' ಎನ್ನಿಸಿಕೊಳ್ಳುವ ಬೇರೊಂದು ಜಾತಿ. ವಿಜಯಪುರ ಜಿಲ್ಲೆಯ ಇಂಡಿ ಸೀಮೆಯಲ್ಲಿ ವಿಶೇಷವಾಗಿ ಬೆಳೆಯುವುದೂ ಇದೇ. ಲೆಮನ್ ಹಣ್ಣಾದರೋ ಮಾದಲಕ್ಕೂ ಹುಳಿಕಿತ್ತಳೆಗೂ ಹುಟ್ಟಿದ ಸಂಕರಸಂತಾನವೆಂದು ಆನುವಂಶಿಕ ಪರೀಕ್ಷೆಗಳು ತೋರಿಸಿವೆ. ಹೀಗೆ ಇವು ಬೇರೆಯಾದರೂ, ನಿಂಬೆಯ ಕುಲಕ್ಕೆಲ್ಲ ಮೂಲಸ್ಥಾನವಾದುದು ಹಿಮಾಲಯದ ಆಗ್ನೇಯ ತಪ್ಪಲು, ಎಂದರೆ ಅಸ್ಸಾಮಿನಿಂದ ಬರ್ಮಾ ಮತ್ತು ಚೀನದ ಯುನ್ನಾನದವರೆಗಿನ ಪ್ರದೇಶ. ಅಲ್ಲಿಂದ ಪಶ್ಚಿಮಕ್ಕೆ ಹರಡಿದ ಈ ಕುಲವನ್ನು ಅರಬರು ಸಿಸಿಲಿ ದ್ವೀಪಕ್ಕೆ ಮುಟ್ಟಿಸಿದರು. ಎಟ್ನಾ ಪರ್ವತದ ಹಿಮವೂ ತಪ್ಪಲಿನ ನಿಂಬೆಯೂ ಒಂದೇ ನಾಡಿನಲ್ಲಿ ಕೈಗೆ ಸಿಕ್ಕುತ್ತಿದ್ದ ಆ ಸೀಮೆಯಲ್ಲಿ ಹೆಪ್ಪುಗಟ್ಟಿದ ಹುಳಿಪಾನಕಗಳು ಬಳಕೆಗೆ ಬಂದುದು ಆಶ್ಚರ್ಯವಲ್ಲ. ನೇಪಲ್ಸ್ ನಗರದ ಅಂತೋನಿಯೊ ಲಾತಿನಿ ಎಂಬವನು ೧೬೯೦ರ ದಶಕದಲ್ಲಿ ಅಚ್ಚು ಹಾಕಿಸಿದ ಗ್ರಂಥದಲ್ಲಿ ಅಂತಹ ಶೀತಲಪಾಕಗಳ ವಿಧಿಗಳು ಬಂದಿವೆ.

ಹಣ್ಣಿನಲ್ಲಿ ಎರಡು ಬಗೆಯ ಗುಣಗಳು ಎರಡು ಬೇರೆ ಬೇರೆ ಸ್ಥಾನಗಳಲ್ಲಿ ನೆಲಸಿವೆ. ಹುಳಿ ಇರುವುದು ರಸದಲ್ಲಿ. ಸ್ವೀಡನ್ನಿನ ರಸಾಯನಜ್ಞ ಕಾರ್ಲ್ ವಿಲ್ಹೆಲ್ಮ್ ಷೀಲೆಯು ೧೭೮೪ರಲ್ಲಿ ಸ್ಫಟಿಕರೂಪವಾಗಿ ಬೇರ್ಪಡಿಸಿದ ಸಿಟ್ರಿಕ್ ಆಮ್ಲವು ಲೆಮನ್ ರಸದಲ್ಲಿ ನೂರಕ್ಕೆ ಐದಾರರಷ್ಟು ಇರುತ್ತದೆ. ಪರಿಮಳವಿರುವುದು ಸಿಪ್ಪೆಯ ಹೊರಪದರದಲ್ಲಿ, ಬರಿಗಣ್ಣಿಗೂ ಕಾಣುವ ಸಣ್ಣ ತೈಲಕೋಶಗಳಲ್ಲಿ. ಆ ತೈಲದ ಬಹುಭಾಗ ಲಿಮೊನೀನ್. ನಿಂಬೆಯ ವಿಶಿಷ್ಟ ಗಂಧವನ್ನು ಕೊಡುವುದು ಅಲ್ಪಪ್ರಮಾಣದಲ್ಲಿ ಅದರ ಜೊತೆಗಿರುವ ಸಿಟ್ರಾಲ್. ಆ ಹೊರಪದರದ ಕೆಳಗಿನ ಬಿಳಿಯ ಪದರವು ಕಹಿ; ಆದಕಾರಣ ತುರಿಯುವ ಕೈ ಹಳದಿಯಲ್ಲಿಯೇ ನಿಲ್ಲತಕ್ಕದ್ದು. ತೈಲವು ನೀರಿನಲ್ಲಿ ಕರಗದು, ಬಿಸಿಪಾಕದಲ್ಲಿ ಹಾಕಿದರೆ ಆವಿಯಾಗಿ ಹಾರಿಹೋಗುವುದು. ಆದ್ದರಿಂದ ಸಕ್ಕರೆಯಲ್ಲಿ ಒಂದು ಚಮಚದಷ್ಟನ್ನು ಮೊದಲೇ ತೆಗೆದಿರಿಸಿ, ತುರಿಯನ್ನು ಅದರೊಡನೆ ಬೆರಳುಗಳಿಂದ ಚೆನ್ನಾಗಿ ಉಜ್ಜಬೇಕು. ಸಕ್ಕರೆಯ ಹರಳುಗಳ ಚೂಪಾದ ಅಂಚು ತೈಲಕೋಶಗಳನ್ನು ಸೀಳುತ್ತದೆ. ಹೊರಬಂದ ತೈಲವು ಹರಳಿನ ಮೈಗೆ ಅಂಟಿಕೊಳ್ಳುತ್ತದೆ. ಕೊನೆಯಲ್ಲಿ ಕೆನೆಯೊಡನೆ ಬೆರೆತಾಗ ಅದರ ಕೊಬ್ಬಿನಲ್ಲಿ ಕರಗಿ ಭದ್ರವಾಗಿ ನೆಲಸುತ್ತದೆ.

ಇನ್ನು ಪಾಕ. ಉಳಿದ ಸಕ್ಕರೆಯನ್ನೂ ನೀರನ್ನೂ ದಪ್ಪತಳದ ಪಾತ್ರೆಯಲ್ಲಿ ಕುದಿಯಲಿಟ್ಟು ೧೧೮ ಡಿಗ್ರಿ ಉಷ್ಣತೆಗೆ ಮುಟ್ಟಿಸತಕ್ಕದ್ದೆಂದು ಗ್ರಂಥಗಳು ವಿಧಿಸುತ್ತವೆ. ನೀರು ೧೦೦ ಡಿಗ್ರಿಯಲ್ಲಿ ಕುದಿದು ಆವಿಯಾಗತಕ್ಕದ್ದಾಗಿರುವಾಗ ಪಾಕವು ೧೧೮ಕ್ಕೆ ಏರುವುದು ಹೇಗೆ? ಕುದಿಯುವುದೆಂದರೆ ದ್ರವದ ಮೇಲ್ಮೈಯಿಂದ ನೀರಿನ ಅಣುಗಳು ವಾಯುಭಾರವನ್ನು ಎದುರಿಸಿ ಹೊರಬೀಳುವುದು. ಮೇಲ್ಮೈಯ ಸ್ಥಳವನ್ನು ಸಕ್ಕರೆಯ ಅಣುಗಳು ಆಕ್ರಮಿಸಿದಂತೆ ಹೊರಡುವ ನೀರಿನ ಅಣುಗಳ ಸಂಖ್ಯೆ ಇಳಿಯುತ್ತದೆ. ಆ ಕೊರತೆಯನ್ನು ತುಂಬಲು ಹೆಚ್ಚಿನ ಉಷ್ಣತೆ ಬೇಕಾಗುತ್ತದೆ. ನೀರು ಆರುತ್ತ ಹೋದಂತೆ ಪಾಕದ ಕುದಿಬಿಂದು ಏರುತ್ತ ಹೋಗುವುದರಿಂದ, ಉಷ್ಣಮಾಪಕವು ಇಲ್ಲಿ ವಾಸ್ತವವಾಗಿ ಅಳೆಯುವುದು ಸಕ್ಕರೆಯ ಸಾಂದ್ರತೆಯನ್ನು. ೧೧೮ ಡಿಗ್ರಿಯೆಂದರೆ ನೂರು ಭಾಗ ಪಾಕದಲ್ಲಿ ಸಕ್ಕರೆ ಹೆಚ್ಚುಕಡಿಮೆ ೮೮ ಭಾಗವೆಂದು ತಿಳಿಯಬೇಕು. ಕಜ್ಜಾಯ ಮಾಡುವ ನಮ್ಮ ಗೃಹಿಣಿಯರು ಬೆಲ್ಲದ ಪಾಕದ ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು ಬೆರಳಿನಲ್ಲಿ ಉಂಡೆಯಾಗುವುದೇ ಎಂದು ಪರೀಕ್ಷಿಸುವರಲ್ಲವೆ? ಫ್ರೆಂಚ್ ಮಿಠಾಯಿಗಾರರೂ ಉಷ್ಣಮಾಪಕವಿಲ್ಲದ ಕಾಲದಲ್ಲಿ ಮಾಡುತ್ತಿದ್ದುದು ಈ ಉಂಡೆಪಾಕದ ಪರೀಕ್ಷೆಯನ್ನೇ.

ಬೆಂಗಳೂರು, ಮಡಿಕೇರಿ, ಚಿಕ್ಕಮಗಳೂರುಗಳಂತಹ ಎತ್ತರದ ಊರುಗಳ ವಾಚಕರು ಇಲ್ಲೊಂದು ತಿದ್ದುಪಡಿಯನ್ನು ಮಾಡಿಕೊಳ್ಳುವುದು ಅವಶ್ಯ. ಸಮುದ್ರಮಟ್ಟದಿಂದ ಮೇಲಕ್ಕೆ ಪ್ರತಿ ೩೦೦ ಮೀಟರಿಗೆ ನೀರಿನ ಕುದಿಬಿಂದು ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ೯೦೦ ಮೀಟರಿಗೂ ಮಿಗಿಲಾದ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ೯೭ ಡಿಗ್ರಿಯಲ್ಲಿಯೇ ಕುದಿಯುವುದರಿಂದ, ಮಂಗಳೂರಿನ ೧೧೮ ಡಿಗ್ರಿಯ ಪಾಕಕ್ಕೆ ಬೆಂಗಳೂರಿನ ೧೧೫ ಡಿಗ್ರಿಯ ಪಾಕವು ಸಮ. ಇದನ್ನರಿಯದೆ ಗ್ರಂಥದ ಅಂಕಿಗೆ ಅಂಟಿಕೊಂಡವರ ಪಾಕ ಅಗತ್ಯಕ್ಕಿಂತ ಬಲಿತು, ನೊರೆಯ ನಡುವೆ ಗಟ್ಟಿಯಾದ ಎಳೆಗಳಾಗಿ ಉಳಿದುಬಿಡುತ್ತದೆ. ಉಂಡೆಯ ಪರೀಕ್ಷೆಗೆ ಈ ತೊಂದರೆಯಿಲ್ಲ. ಅದು ಸಾಂದ್ರತೆಯನ್ನೇ ನೇರವಾಗಿ ನೋಡುವಂಥದು.

ಪಾಕವು ಒಲೆಯ ಮೇಲಿರುವಾಗಲೇ ಬಿಳಿಲೋಳೆಯನ್ನು ಕಡೆಯಲಾರಂಭಿಸಬೇಕು. ಬಿಳಿಲೋಳೆಯಲ್ಲಿ ನೂರಕ್ಕೆ ೯೦ರ ಸಮೀಪ ನೀರು, ಸುಮಾರು ೧೦ ಭಾಗ ಪ್ರೋಟೀನು. ಆ ಪ್ರೋಟೀನುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಓವಾಲ್ಬ್ಯುಮಿನ್ ಎಂಬುದರದು. ಓವೊಟ್ರಾನ್ಸ್‌ಫೆರಿನ್ ಮೊದಲಾದ ಇತರ ಪ್ರೋಟೀನುಗಳು ಉಳಿದ ಪಾಲನ್ನು ಹಂಚಿಕೊಂಡಿವೆ. ಒಂದೊಂದು ಪ್ರೋಟೀನೂ ಸುರುಳಿ ಸುತ್ತಿಕೊಂಡ ಒಂದು ಉದ್ದವಾದ ಸರಪಣಿ. ಅದರಲ್ಲಿ ನೀರಿನೊಡನೆ ಸ್ನೇಹವುಳ್ಳ ಭಾಗಗಳು ಹೊರಕ್ಕೆ, ನೀರಿಗೆ ವಿಮುಖವಾದ ಭಾಗಗಳು ಒಳಕ್ಕೆ ಅಡಗಿರುತ್ತವೆ. ಕಡೆಗೋಲಿನ ಎಳೆತಕ್ಕೆ ಸಿಕ್ಕಿ ಸುರುಳಿ ಬಿಚ್ಚಿದಾಗ, ನೀರನ್ನು ಒಲ್ಲದ ಭಾಗಗಳು ಗಾಳಿಯ ಕಡೆಗೂ ಉಳಿದುವು ನೀರಿನ ಕಡೆಗೂ ಮುಖ ಮಾಡಿ, ಗುಳ್ಳೆಯ ಮೇಲ್ಮೈಯಲ್ಲಿ ಪಂಕ್ತಿಗಟ್ಟಿ, ಒಂದನ್ನೊಂದು ಹಿಡಿದುಕೊಂಡು ತೆಳುವಾದ ಪೊರೆಯಾಗುತ್ತವೆ. ನೊರೆಯ ಬಾಳಿಕೆಯೆಲ್ಲ ಈ ಪೊರೆಯ ಬಾಳಿಕೆ. ಹಳದಿ ಭಂಡಾರದ ಕಣವೊಂದು ಬಿದ್ದರೂ ನೊರೆ ಏಳದಿರುವುದಕ್ಕೆ ಕಾರಣವೂ ಇದೇ. ಅದರ ಕೊಬ್ಬು ಗುಳ್ಳೆಯ ಮೇಲ್ಮೈಯಲ್ಲಿ ಪ್ರೋಟೀನಿನ ಸ್ಥಾನಕ್ಕೆ ಪೈಪೋಟಿ ಹೂಡಿ ಪಂಕ್ತಿಯನ್ನು ಮುರಿಯುತ್ತದೆ.

ಕಡೆತ ಅತಿಯಾದರೆ ಇದಕ್ಕೆ ವಿಪರೀತವಾದ ಅನರ್ಥ ಸಂಭವಿಸುತ್ತದೆ. ಪ್ರೋಟೀನುಗಳು ಗಂಧಕದ ಬಂಧಗಳಿಂದ ಒಂದಕ್ಕೊಂದು ಅತಿಯಾಗಿ ಬಿಗಿದುಕೊಂಡು, ನಡುವಿನ ನೀರನ್ನು ಹಿಂಡಿ ಹೊರಗೆಡಹುತ್ತವೆ. ನೊರೆ ಒಡೆದು ಕಣಕಣವಾಗುತ್ತದೆ. ಇದನ್ನು ತಡೆಯಲು ಅರ್ಧ ಚಮಚ ನಿಂಬೆರಸವನ್ನು ಪ್ರಾರಂಭದಲ್ಲಿಯೇ ಸೇರಿಸುವುದು ವಾಡಿಕೆ. ಆಮ್ಲವು ಆ ಗಂಧಕದ ಬಂಧಗಳು ಸುಲಭವಾಗಿ ಏರ್ಪಡದಂತೆ ಮಾಡುತ್ತದೆ. ಫ್ರೆಂಚ್ ಪಾಚಕರು ಈ ಕಾರ್ಯವನ್ನು ತಾಮ್ರದ ಬೋಗುಣಿಯಿಂದ ಸಾಧಿಸುತ್ತಿದ್ದರು. ಅದೊಂದು ಮೂಢನಂಬಿಕೆಯೆಂದು ಸಂಶಯಿಸಿದ ಹೆರಾಲ್ಡ್ ಮೆಗೀ ಎಂಬ ಅಮೆರಿಕದ ಲೇಖಕನು ಇಬ್ಬರು ವಿಜ್ಞಾನಿಗಳ ಜೊತೆಗೂಡಿ ಪರೀಕ್ಷಿಸಿ, ತಾಮ್ರದ ಪ್ರಭಾವ ನಿಜವೇ ಎಂದು ೧೯೮೪ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದನು. ತಾಮ್ರವು ಓವೊಟ್ರಾನ್ಸ್‌ಫೆರಿನ್ನಿನೊಡನೆ ಕೂಡಿಕೊಳ್ಳುವುದೇ ಕಾರಣವೆಂದು ಮೊದಲು ಊಹಿಸಿದ್ದ ಅವನು, ಬೆಳ್ಳಿಯ ಪಾತ್ರೆಯೂ ಅದೇ ಫಲವನ್ನು ಕೊಡುವುದನ್ನು ಕಂಡ ಮೇಲೆ, ಗಂಧಕವನ್ನು ಲೋಹವು ಹಿಡಿದಿಡುವುದೇ ನಿಜವಾದ ಕಾರಣವೆಂಬ ವಿವರಣೆಯ ಕಡೆಗೆ ಒಲಿದನು. ಅಡಿಗೆಮನೆಯ ಸಂಪ್ರದಾಯಗಳನ್ನು ಪರೀಕ್ಷಿಸದೆ ನಂಬುವುದೂ ಪರೀಕ್ಷಿಸದೆ ತಳ್ಳಿಹಾಕುವುದೂ ಸಮಾನವಾದ ಅವಿವೇಕವೆಂಬುದಕ್ಕೆ ಈ ಪ್ರಸಂಗ ಒಳ್ಳೆಯ ನಿದರ್ಶನ.

ಎತ್ತಿದ ಕಡೆಗೋಲಿನ ತುದಿಯಲ್ಲಿ ನೊರೆ ಮೃದುವಾದ ಶಿಖರವಾಗಿ ನಿಂತು ತಲೆಬಾಗಿಸುವ ಹದ ಬಂದೊಡನೆ, ಕಡೆಯುವುದನ್ನು ನಿಲ್ಲಿಸದೆ, ಕುದಿಯುವ ಪಾಕವನ್ನು ಸಣ್ಣಧಾರೆಯಾಗಿ ಪಾತ್ರೆಯ ಗೋಡೆಯ ಮೇಲಿಂದ ಇಳಿಸಬೇಕು. ಮೆರಾಂಗ್ ಎಂದು ಕರೆಯುವ ಈ ಸಕ್ಕರೆನೊರೆಯಲ್ಲಿ ಮೂರು ಪ್ರಭೇದಗಳಿವೆ: ಹಸಿಸಕ್ಕರೆಯನ್ನು ಬೆರೆಸುವುದು ಫ್ರೆಂಚ್, ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕಾಯಿಸಿ ಕಡೆಯುವುದು ಸ್ವಿಸ್, ಪಾಕವನ್ನು ಎರೆಯುವುದು ಇಟಾಲಿಯನ್. ಶೀತಲ ಸೂಫ್ಲೆಗೆ ಇಟಾಲಿಯನ್ ಕ್ರಮವೇ ಶ್ರೇಷ್ಠ. ಬಿಸಿಪಾಕದ ಕಾವಿಗೆ ಕೆಲವು ಪ್ರೋಟೀನುಗಳು ಹೆಪ್ಪುಗೂಡಿ ಪೊರೆ ಬಲವಾಗುತ್ತದೆ. ಮಂದವಾದ ಪಾಕವು ಗುಳ್ಳೆಗಳ ನಡುವಣ ಗೋಡೆಗಳಲ್ಲಿ ತುಂಬಿಕೊಂಡು ನೀರು ಕೆಳಕ್ಕೆ ಬಸಿಯದಂತೆ ತಡೆಯುತ್ತದೆ. ಬೋಗುಣಿ ಮುಟ್ಟಿದರೆ ತಣ್ಣಗಿದೆಯೆನಿಸುವವರೆಗೆ ಕಡೆಯುತ್ತಿದ್ದರೆ ಮುತ್ತಿನ ಹೊಳಪಿನ, ಬಿಗಿಯಾದ ನೊರೆ ಸಿದ್ಧಿಸುವುದು.

ಇಲ್ಲಿ ಆರೋಗ್ಯದೃಷ್ಟಿಯಿಂದ ಒಂದು ಮಾತನ್ನು ಹೇಳದೆ ಮುಂದೆ ಹೋಗುವುದು ಯುಕ್ತವಲ್ಲ. ಕುದಿಯುವ ಪಾಕ ಬಿದ್ದುದರಿಂದ ಬಿಳಿಲೋಳೆ ಬೆಂದಂತಾಯಿತೆಂದು ಅನೇಕರು ನಂಬಿದ್ದಾರೆ. ಪಾಕದ ಉಷ್ಣದ ಬಹುಭಾಗವನ್ನು ಬೋಗುಣಿಯೂ ಕಡೆಗೋಲೂ ಸುತ್ತಲಿನ ಗಾಳಿಯೂ ಹೀರಿಕೊಳ್ಳುವುದರಿಂದ ನೊರೆಯ ಉಷ್ಣತೆ ಸಾಧಾರಣವಾಗಿ ೬೦ ಡಿಗ್ರಿಯನ್ನು ಮುಟ್ಟುವುದಿಲ್ಲ. ಸಾಲ್ಮೊನೆಲ್ಲ ಎಂಬ ರೋಗಾಣುವನ್ನು ನಿಶ್ಶೇಷಗೊಳಿಸಲು ಅದು ಸಾಲದು. ಶೈತ್ಯವೂ ಆ ರೋಗಾಣುವನ್ನು ಕೊಲ್ಲದು, ಬೆಳೆಯದಂತೆ ತಡೆಯುವುದಷ್ಟೆ. ಆದ್ದರಿಂದ ಪಾಶ್ಚರೀಕರಿಸಿದ ಬಿಳಿಲೋಳೆಯನ್ನು ಉಪಯೋಗಿಸುವುದು ಲೇಸು. ಅದು ದೊರೆಯದಿದ್ದಲ್ಲಿ ಸ್ವಿಸ್ ಕ್ರಮವನ್ನನುಸರಿಸಿ, ಬಿಳಿಲೋಳೆಯನ್ನೂ ಸಕ್ಕರೆಯನ್ನೂ ಬಿಸಿನೀರಿನ ಮೇಲೆ ಬಿಡದೆ ಕಲಕುತ್ತ ೭೧ ಡಿಗ್ರಿಗೆ ಮುಟ್ಟಿಸಿ ಆಮೇಲೆ ಕಡೆಯಬಹುದು.

ತಣ್ಣಗಾದ ನೊರೆಗೆ ನಿಂಬೆರಸವನ್ನೂ ತುರಿಯ ಸಕ್ಕರೆಯನ್ನೂ ಸ್ವಲ್ಪ ಸ್ವಲ್ಪವಾಗಿ ಕೂಡಿಸಿ, ಬಳಿಕ ಕಡೆದ ಕೆನೆಯನ್ನು ಸೇರಿಸತಕ್ಕದ್ದು. ಕೆನೆಯು ಚೆನ್ನಾಗಿ ತಣ್ಣಗಿರಬೇಕು. ಕಡೆಯುವಾಗ ಕೊಬ್ಬಿನ ಗೋಳಕಗಳು ತಮ್ಮ ಪೊರೆ ಹರಿದು ಒಂದಕ್ಕೊಂದು ಅರ್ಧಂಬರ್ಧ ಅಂಟಿಕೊಂಡು ಗುಳ್ಳೆಗಳ ಸುತ್ತ ಕೋಟೆ ಕಟ್ಟುವುದು ಕೊಬ್ಬು ಗಟ್ಟಿಯಾಗಿರುವಾಗ ಮಾತ್ರ. ಬಿಳಿಲೋಳೆಯ ನೊರೆಗೆ ವೈರಿಯಾದ ಕೊಬ್ಬೇ ಕೆನೆಯ ನೊರೆಗೆ ಆಧಾರವಾಗಿರುವುದು ಗಮನಿಸತಕ್ಕ ವಿಷಯ. ಪೊರೆ ಬಲಿತು, ಸಕ್ಕರೆಯಿಂದ ಮಂದವಾದ ಬಳಿಕ ಆ ವೈರಿಯನ್ನು ಒಳಗೆ ಬಿಟ್ಟುಕೊಂಡರೂ ಬಾಧೆಯಿಲ್ಲವಾದ್ದರಿಂದಲೇ ಕೆನೆಗೆ ಕೊನೆಯ ಸರದಿ. ಅಗಲವಾದ ಸೌಟಿನಿಂದ ನಡುವನ್ನು ಸೀಳಿ ತಳದಿಂದ ಮೇಲಕ್ಕೆ ಮಗುಚುತ್ತ, ಬಿಳಿಯ ಗೆರೆಗಳು ಮಾಯವಾದೊಡನೆ ಕೈಯನ್ನು ನಿಲ್ಲಿಸಬೇಕು. ಪ್ರತಿಯೊಂದು ಅಧಿಕ ಮಗುಚಿಗೂ ಒಂದಷ್ಟು ಗುಳ್ಳೆಗಳು ಬಲಿಯಾಗುತ್ತವೆ. ಬಟರ್ ಪೇಪರಿನ ಪಟ್ಟಿಯನ್ನು ಪಾತ್ರೆಯ ಹೊರಮೈಗೆ ಸುತ್ತಿ ದಾರದಿಂದ ಕಟ್ಟಿ, ಮಿಶ್ರಣವನ್ನು ಅಂಚಿನ ಮೇಲಕ್ಕೂ ತುಂಬಿ ಸಮಮಾಡಿದರೆ ಕೈಕೆಲಸ ಮುಗಿದಂತೆ. ಮುಂದಿನದು ಶೈತ್ಯದ ಕೆಲಸ.

ಶುದ್ಧವಾದ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ. ಅದರಲ್ಲಿ ಏನನ್ನಾದರೂ ಕರಗಿಸಿದರೆ ಆ ಬಿಂದು ಕೆಳಗಿಳಿಯುತ್ತದೆ. ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿಯಾಗಿದ್ದ ಚಾರ್ಲ್ಸ್ ಬ್ಲಾಗ್ಡೆನ್ ೧೭೮೮ರಲ್ಲಿ ಹಲವು ಲವಣಗಳನ್ನು ಪರೀಕ್ಷಿಸಿ, ಈ ಇಳಿತವು ಕರಗಿದ ವಸ್ತುವಿನ ಪ್ರಮಾಣಕ್ಕೆ ಅನುಗುಣವಾಗಿರುವುದೆಂದು ತೋರಿಸಿದನು. ಒಂದು ಶತಮಾನದ ತರುವಾಯ, ೧೮೮೦ರ ದಶಕದಲ್ಲಿ, ಫ್ರಾನ್ಸಿನ ಗ್ರೆನೋಬ್ಲ್ ನಗರದ ಫ್ರಾಂಸ್ವಾ-ಮಾರಿ ರಾವುಲ್ ಎಂಬ ರಸಾಯನಜ್ಞನು ಇದನ್ನು ಅಣುಗಳ ಲೆಕ್ಕಕ್ಕೆ ತಂದನು: ಒಂದು ಕಿಲೋಗ್ರಾಂ ನೀರಿನಲ್ಲಿ ಒಂದು ಮೋಲ್ ಪ್ರಮಾಣದ ವಸ್ತುವಿನ ಅಣುಗಳು ಕರಗಿದ್ದರೆ, ಆ ವಸ್ತು ಯಾವುದೇ ಆಗಿರಲಿ, ಹೆಪ್ಪಿನ ಬಿಂದು ೧.೮೬ ಡಿಗ್ರಿ ಇಳಿಯುವುದು. ಮಧ್ಯಾಹ್ನ ಒಲೆಯ ಮೇಲೆ ಪಾಕದ ಕುದಿಬಿಂದುವನ್ನು ಮೇಲಕ್ಕೆತ್ತಿದ ಸಕ್ಕರೆಯೇ ಸಂಜೆ ಶೈತ್ಯಪೆಟ್ಟಿಗೆಯಲ್ಲಿ ಹೆಪ್ಪಿನ ಬಿಂದುವನ್ನು ಕೆಳಕ್ಕೆ ತಳ್ಳುತ್ತದೆ. ಎರಡೂ ಒಂದೇ ನಿಯಮದ ಎರಡು ಮುಖಗಳು.

ನಮ್ಮ ಮಿಶ್ರಣಕ್ಕೆ ಈ ಲೆಕ್ಕವನ್ನು ಅನ್ವಯಿಸೋಣ. ರಸ, ಬಿಳಿಲೋಳೆ, ಕೆನೆ, ಪಾಕಗಳಲ್ಲಿರುವ ನೀರನ್ನೆಲ್ಲ ಕೂಡಿಸಿದರೆ ಸುಮಾರು ೪೫೦ ಗ್ರಾಂ; ಅದರಲ್ಲಿ ಸಕ್ಕರೆ ೨೪೦ ಗ್ರಾಂ, ಎಂದರೆ ಒಂದು ಮೋಲಿನ ಹತ್ತರಲ್ಲಿ ಏಳು ಭಾಗ. ಈ ಲೆಕ್ಕದಂತೆ ಮೊದಲ ಹಿಮಕಣ ಕಾಣಿಸುವುದು ಸೊನ್ನೆಗಿಂತ ಸುಮಾರು ೩ ಡಿಗ್ರಿ ಕೆಳಗೆ. ಹಿಮವು ಶುದ್ಧವಾದ ನೀರಿನಿಂದಲೇ ಆಗುವುದರಿಂದ, ಹೆಪ್ಪುಗಟ್ಟಿದ ಒಂದೊಂದು ಕಣವೂ ತನ್ನಲ್ಲಿದ್ದ ಸಕ್ಕರೆಯನ್ನು ಉಳಿದ ದ್ರವಕ್ಕೆ ಬಿಟ್ಟುಕೊಡುತ್ತದೆ. ಆ ದ್ರವ ಇನ್ನಷ್ಟು ಸಾಂದ್ರವಾಗಿ, ಅದರ ಹೆಪ್ಪಿನ ಬಿಂದು ಇನ್ನಷ್ಟು ಇಳಿಯುತ್ತದೆ. ಹೀಗೆ ಶೈತ್ಯವು ಮುಂದೊತ್ತಿದಂತೆಲ್ಲ ಸಕ್ಕರೆಯ ಪ್ರತಿರೋಧ ಬಲವಾಗುತ್ತ ಹೋಗಿ, ಸೊನ್ನೆಗಿಂತ ೧೮ ಡಿಗ್ರಿ ಕೆಳಗೆ ಮುಟ್ಟಿದಾಗ ನೀರಿನ ಮುಕ್ಕಾಲು ಭಾಗ ಮಾತ್ರ ಹಿಮವಾಗಿ, ಕಾಲುಭಾಗವು ಮಂದವಾದ ಪಾಕವಾಗಿ ಹಿಮಕಣಗಳ ನಡುವೆ ಉಳಿಯುತ್ತದೆ. ಚಮಚವು ಸಲೀಸಾಗಿ ಒಳಗಿಳಿಯುವುದು ಈ ಕಾಲುಭಾಗದ ಕೃಪೆಯಿಂದ. ಆರೋಗ್ಯದ ನೆಪದಿಂದಲೋ ಮಿತವ್ಯಯದ ನೆಪದಿಂದಲೋ ಸಕ್ಕರೆಯನ್ನು ಅರ್ಧಕ್ಕಿಳಿಸಿದವರಿಗೆ ದೊರೆಯುವುದು ಸಿಹಿ ಕಡಮೆಯಾದ ಸೂಫ್ಲೆಯಲ್ಲ, ಹಲ್ಲಿಗೆ ಎದುರುನಿಲ್ಲುವ ಮಂಜಿನ ಗಡ್ಡೆ.

ವಿದ್ಯುತ್ ಪೆಟ್ಟಿಗೆಯಿಲ್ಲದ ಕಾಲದ ಪಾಚಕರು ಇದೇ ನಿಯಮವನ್ನು ಹೊರಗಿನಿಂದಲೂ ಉಪಯೋಗಿಸುತ್ತಿದ್ದರು. ಪುಡಿಮಾಡಿದ ಹಿಮಕ್ಕೆ ಉಪ್ಪನ್ನು ಬೆರೆಸಿದರೆ ಹಿಮ ಕರಗಲಾರಂಭಿಸುತ್ತದೆ. ಕರಗಲು ಒಂದೊಂದು ಗ್ರಾಮಿಗೂ ೩೩೪ ಜೂಲ್ ಉಷ್ಣ ಬೇಕಾಗಿ, ಅದನ್ನು ಸುತ್ತಮುತ್ತಲಿಂದ ಸೆಳೆದುಕೊಳ್ಳುವುದರಿಂದ ಮಿಶ್ರಣವು ಸೊನ್ನೆಗಿಂತ ೨೧ ಡಿಗ್ರಿ ಕೆಳಗಿನವರೆಗೂ ತಣ್ಣಗಾಗಬಲ್ಲದು. ಅಮೆರಿಕದ ನ್ಯಾನ್ಸಿ ಜಾನ್ಸನ್ ಎಂಬಾಕೆ ೧೮೪೩ರಲ್ಲಿ ಸನ್ನದು ಪಡೆದ ಕೈತಿರುವಿನ ಐಸ್‌ಕ್ರೀಮ್ ಯಂತ್ರವು ಕೆಲಸ ಮಾಡುತ್ತಿದ್ದುದು ಈ ಮಿಶ್ರಣದಿಂದಲೇ. ಐಸ್‌ಕ್ರೀಮನ್ನು ಹೆಪ್ಪುಗಟ್ಟುತ್ತಿರುವಾಗಲೇ ತಿರುವಬೇಕಾದುದು ಹಿಮದ ಹರಳುಗಳನ್ನು ಮುರಿಯುವುದಕ್ಕೆ ಮತ್ತು ಗಾಳಿಯನ್ನು ಸೇರಿಸುವುದಕ್ಕೆ. ಶೀತಲ ಸೂಫ್ಲೆಗೆ ಈ ಶ್ರಮವಿಲ್ಲ. ಗಾಳಿ ಮೊದಲೇ ಸೇರಿದೆ. ಗುಳ್ಳೆಗಳ ನಡುವಣ ಗೋಡೆಗಳು ಎಷ್ಟು ತೆಳುವೆಂದರೆ ಅಲ್ಲಿ ಹುಟ್ಟಿದ ಹರಳಿಗೆ ದೊಡ್ಡದಾಗಿ ಬೆಳೆಯಲು ಎಡೆಯೇ ಇಲ್ಲ. ಅಲುಗಾಡಿಸದೆ ಇರಿಸಿದರೂ ಅದು ನುಣುಪಾಗಿಯೇ ಹೆಪ್ಪುಗಟ್ಟುವುದಕ್ಕೆ ಇದೇ ಕಾರಣ.

ಗಾಳಿಯು ಇನ್ನೊಂದು ಪ್ರಭಾವವನ್ನೂ ಬೀರುತ್ತದೆ. ಚಲಿಸದ ಗಾಳಿಗಿಂತ ನೀರು ಇಪ್ಪತ್ತು ಮಡಿಗೂ ಹೆಚ್ಚಾಗಿ, ಹಿಮಗಡ್ಡೆ ಎಂಬತ್ತು ಮಡಿಗೂ ಹೆಚ್ಚಾಗಿ ಉಷ್ಣವನ್ನು ಸಾಗಿಸುತ್ತವೆ. ಬವೇರಿಯದ ಸೇವೆಯಲ್ಲಿದ್ದ ಬೆಂಜಮಿನ್ ಥಾಂಪ್ಸನ್, ಎಂದರೆ ರಮ್‌ಫರ್ಡ್ ಪ್ರಭು, ಉಣ್ಣೆ, ತುಪ್ಪಳ, ಗರಿಗಳು ಮೈಯನ್ನು ಬೆಚ್ಚಗಿಡುವುದು ಅವುಗಳ ಎಳೆಗಳ ನಡುವೆ ಸೆರೆಸಿಕ್ಕಿದ ಗಾಳಿಯಿಂದಲೆಂದು ಪ್ರಯೋಗಗಳಿಂದ ಸ್ಥಾಪಿಸಿದನು. ಉಷ್ಣದ ಮೇಲಿನ ಪ್ರಬಂಧಗಳಿಗಾಗಿ ೧೭೯೨ರಲ್ಲಿ ಅವನಿಗೆ ಕಾಪ್ಲೆ ಪದಕ ದೊರೆಯಿತು. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರನು ಕೆರೆಗಳಿಂದ ಕೊಯ್ದ ಹಿಮವನ್ನು ೧೮೩೩ರಲ್ಲಿ 'ಟಸ್ಕನಿ' ಎಂಬ ಹಡಗಿನಲ್ಲಿ ನಾಲ್ಕು ತಿಂಗಳ ಪ್ರಯಾಣದ ತರುವಾಯ ಕಲ್ಕತ್ತೆಗೆ ತಂದಿಳಿಸಿದುದೂ, ಮದರಾಸಿನ ಕಡಲತೀರದಲ್ಲಿ ಇಂದಿಗೂ 'ಐಸ್ ಹೌಸ್' ಎಂಬ ಹೆಸರನ್ನು ಉಳಿಸಿಕೊಂಡಿರುವ ಕಟ್ಟಡದಲ್ಲಿ ಅಂತಹ ಹಿಮವು ಶೇಖರವಾಗುತ್ತಿದ್ದುದೂ ಇದೇ ತತ್ತ್ವದ ಬಲದಿಂದ. ಆ ವ್ಯಾಪಾರದಲ್ಲಿ ಹಿಮವನ್ನು ಕಾಯುತ್ತಿದ್ದುದು ಮರದ ಹೊಟ್ಟಿನಂತಹ ಹಗುರ ಪದಾರ್ಥಗಳ ಸಂದುಗಳಲ್ಲಿ ನಿಂತ ಗಾಳಿ. ಇದರ ಅತ್ಯಂತ ಸಾಹಸದ ಪ್ರಯೋಗ ಐಸ್‌ಕ್ರೀಮನ್ನು ಮೆರಾಂಗಿನಿಂದ ಮುಚ್ಚಿ ಪ್ರಖರವಾದ ಕಾವಿನಲ್ಲಿ ಕೆಂಪಾಗಿಸುವ 'ಬೇಕ್ಡ್ ಅಲಾಸ್ಕ' ಎಂಬ ಭಕ್ಷ್ಯ. ನ್ಯೂಯಾರ್ಕಿನ ಡೆಲ್ಮಾನಿಕೊ ಭೋಜನಶಾಲೆಯ ಚಾರ್ಲ್ಸ್ ರಾನ್‌ಹೋಫರನು ೧೮೯೪ರ ತನ್ನ ಗ್ರಂಥದಲ್ಲಿ ಅದರ ವಿಧಿಯನ್ನು ಕೊಟ್ಟಿದ್ದಾನೆ. ಆಕ್ಸ್‌ಫರ್ಡಿನ ಅತಿಶೈತ್ಯ ವಿಜ್ಞಾನಿ ನಿಕೊಲಾಸ್ ಕುರ್ಟಿಯು ೧೯೬೯ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅಡಿಗೆಮನೆಯ ಭೌತಶಾಸ್ತ್ರವನ್ನು ಕುರಿತು ಉಪನ್ಯಾಸ ಮಾಡುತ್ತ, ಮೈಕ್ರೋವೇವ್ ಕಿರಣಗಳನ್ನು ಹಿಮವು ಬಹಳ ಕಡಮೆಯಾಗಿಯೂ ದ್ರವವು ಧಾರಾಳವಾಗಿಯೂ ಹೀರಿಕೊಳ್ಳುವ ಗುಣವನ್ನು ಉಪಯೋಗಿಸಿ, ಹೊರಗೆ ತಣ್ಣಗೂ ಒಳಗೆ ಬಿಸಿಯಾಗಿಯೂ ಇರುವ ಭಕ್ಷ್ಯವನ್ನು ಸಭಿಕರ ಮುಂದೆ ತೋರಿಸಿ ಅಲಾಸ್ಕವನ್ನು ತಲೆಕೆಳಗು ಮಾಡಿದನು.

ಒಳಗಿನ ಹಿಮವನ್ನು ಹೊರಗಿನ ಕಾವಿನಿಂದ ಕಾಯುವ ಗಾಳಿಯೇ ಹೊರಗಿನ ಚಳಿ ಒಳಕ್ಕೆ ಇಳಿಯದಂತೆಯೂ ಅಡ್ಡಿಮಾಡುತ್ತದೆಯೆಂಬುದನ್ನು ನಾವು ಮರೆಯಬಾರದು. ಆದುದರಿಂದ ಶೀತಲ ಸೂಫ್ಲೆಯ ನಡುಭಾಗ ಗಟ್ಟಿಯಾಗಲು ಎಂಟು ಗಂಟೆಗಳೂ ಬೇಕಾಗಬಹುದು. ಹಿಂದಿನ ರಾತ್ರಿಯೇ ಮಾಡಿ ಇರಿಸುವುದು ಕ್ಷೇಮ. ಬಡಿಸುವುದಕ್ಕೆ ಅರ್ಧ ಗಂಟೆ ಮೊದಲು ಅದನ್ನು ಹಿಮದ ಅಂಕಣದಿಂದ ಕೆಳಗಿನ ತಂಪಿನ ಅಂಕಣಕ್ಕೆ ಇಳಿಸಿದರೆ ಹಿಮದ ಒಂದಂಶ ಕರಗಿ, ಪಾಕದ ಅಂಶ ಹೆಚ್ಚಿ, ಹದವಾದ ಮೃದುತ್ವ ಬರುತ್ತದೆ. ನಾಲಗೆಯ ಕಾರಣದಿಂದಲೂ ಇದು ಅವಶ್ಯ: ತೀವ್ರವಾದ ಚಳಿಯಲ್ಲಿ ಸಿಹಿಯ ಅರಿವು ಕುಗ್ಗುತ್ತದೆ, ಸುಗಂಧದ ಅಣುಗಳು ಮೇಲೇಳುವುದಿಲ್ಲ. ಹೆಪ್ಪುಗಟ್ಟುವ ಮುನ್ನ ರುಚಿ ನೋಡಿದಾಗ ಸಿಹಿಯೂ ಹುಳಿಯೂ ಅತಿಯೆನಿಸುವಂತಿದ್ದರೆ ಮಾತ್ರ ತಟ್ಟೆಯಲ್ಲಿ ಅವು ಸರಿಯೆನಿಸುವುವು. ನಮ್ಮ ನಿಂಬೆಹಣ್ಣನ್ನೇ ಬಳಸುವವರು ಅದರ ಹುಳಿ ಹೆಚ್ಚೆಂಬುದನ್ನು ನೆನೆದು ರಸವನ್ನು ೧೦೦ ಮಿಲಿಲೀಟರಿಗೆ ಇಳಿಸಿ ಉಳಿದುದಕ್ಕೆ ನೀರನ್ನು ತುಂಬಬಹುದು. ಕೊಡಗಿನ ಕಿತ್ತಳೆಯಿಂದ ಮಾಡುವವರು ಅದರ ಹುಳಿಯ ಕೊರತೆಯನ್ನು ಎರಡು ನಿಂಬೆಗಳ ರಸದಿಂದ ಸರಿದೂಗಿಸಬೇಕು. ಮಾಡಿದುದನ್ನು ಒಂದು ವಾರದೊಳಗೆ ಮುಗಿಸುವುದು ಉತ್ತಮ. ಪೆಟ್ಟಿಗೆಯ ಬಾಗಿಲು ತೆರೆದು ಮುಚ್ಚುವಾಗಿನ ಉಷ್ಣತೆಯ ಏರಿಳಿತದಿಂದ ಸಣ್ಣ ಹರಳುಗಳು ಕರಗಿ ದೊಡ್ಡವಕ್ಕೆ ಸೇರಿಕೊಳ್ಳುತ್ತ, ದಿನಕಳೆದಂತೆ ಭಕ್ಷ್ಯವು ಮರಳುಮರಳಾಗುತ್ತದೆ.

ಪಾಕಗ್ರಂಥದ ವಿಧಿಗಳನ್ನು ತಮ್ಮ ಇಚ್ಛೆಗೆ ತಕ್ಕಂತೆ ಬದಲಾಯಿಸುವ ಸ್ವಾತಂತ್ರ್ಯ ಎಲ್ಲರಿಗೂ ಉಂಟು. ಆ ಸ್ವಾತಂತ್ರ್ಯವನ್ನು ಚಲಾಯಿಸುವ ಮುನ್ನ, ಬದಲಾಯಿಸಹೊರಟ ಪದಾರ್ಥವು ರುಚಿಗಾಗಿ ಅಲ್ಲಿದೆಯೇ, ಅಥವಾ ನೀರನ್ನು ಹದ್ದಿನಲ್ಲಿಡುವ ಕಾರ್ಯಕ್ಕಾಗಿ ಅಲ್ಲಿದೆಯೇ ಎಂಬ ಒಂದು ಪ್ರಶ್ನೆಯನ್ನು ವಾಚಕರು ಕೇಳಿಕೊಳ್ಳಬೇಕೆಂದು ನಮ್ಮ ವಿಜ್ಞಾಪನೆ. ಈ ಭಕ್ಷ್ಯದಲ್ಲಿ ಸಕ್ಕರೆ, ನೊರೆ, ಕೆನೆಗಳು ಮೂರೂ ಎರಡು ಕೆಲಸಗಳನ್ನು ಮಾಡುತ್ತಿವೆ. ನಿಶ್ಚಿಂತೆಯಿಂದ ಹೆಚ್ಚುಕಡಮೆ ಮಾಡಬಹುದಾದುದು ಸಿಪ್ಪೆಯ ತುರಿಯೊಂದೇ.